ಕಾಯಕವೂ ಗಾನಶ್ರವಣವೂ

ಕಾಯಕದ ಉಪಕರಣಗಳು ಕಾಲಕಾಲಕ್ಕೆ ಬದಲಾಗುವುವು. ಕಾಯಕದ ಧರ್ಮವು ಬದಲಾಗದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ಶರಣರಿದ್ದರು, ದೋಣಿ ನಡೆಸುವ ಶರಣರಿದ್ದರು, ಬಟ್ಟೆಯನ್ನು ಮಡಿಮಾಡುವ ಶರಣರಿದ್ದರು, ಅರಸನ ಭಂಡಾರದ ಲೆಕ್ಕ ಬರೆಯುವ ಶರಣರೂ ಇದ್ದರು. ಇಂದಿನ ಬಸವಕಲ್ಯಾಣ ಹುಮನಾಬಾದಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯುವವರು ಬಹುಮಂದಿ. ತಹಶೀಲ್ ಕಚೇರಿಯಲ್ಲಿ ಪಹಣಿ ತೆಗೆದುಕೊಡುವವರು, ಬ್ಯಾಂಕಿನಲ್ಲಿ ಖಾತೆ ನೋಡುವವರು, ಕಾರ್ಖಾನೆಯಲ್ಲಿ ಸರಕಿನ ಲೆಕ್ಕ ಇಡುವವರು, ಮುದ್ರಣಾಲಯದಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ವಚನದ ಪುಸ್ತಕದವರೆಗೆ ಅಕ್ಷರ ಜೋಡಿಸುವವರು, ಇವರೆಲ್ಲರ ಕಸುಬಿನ ಆಯುಧ ಅದೊಂದೇ. ಅವರಲ್ಲಿ ಅನೇಕರು ಕೆಲಸದ ಹೊತ್ತಿನಲ್ಲಿ ಸಂಗೀತವನ್ನು ಕೇಳುತ್ತಿರುವರು. ಕೆಲವರಿಗೆ ಅದು ಯಂತ್ರದಿಂದಲೇ ಹೊರಡುವುದು. ಕೆಲವರು ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಮೊಬೈಲಿನಿಂದ ಕೇಳುವರು.

ಕಾಯಕದ ವೇಳೆಯಲ್ಲಿ ಗಾನವನ್ನು ಕೇಳುವುದು ಯುಕ್ತವೆ? ಯುಕ್ತವಾದರೆ ಎಂಥ ಗಾನವನ್ನು ಆರಿಸಿಕೊಳ್ಳಬೇಕು? ಇದು ಅವರವರ ಅಭಿರುಚಿಗೆ ಬಿಟ್ಟ ಮಾತೆಂದು ತಳ್ಳಿಹಾಕುವವರುಂಟು. ಆದರೆ ವಿಚಾರಿಸಿ ನೋಡಿದರೆ ಇದರಲ್ಲಿ ಕೇಳುವವನೊಬ್ಬನ ಸುಖವಷ್ಟೇ ಅಡಗಿಲ್ಲವೆಂಬುದು ತೋರುವುದು. ಅವನ ಕೆಲಸವನ್ನು ನಂಬಿ ಹೊರಗೆ ಸಾಲಿನಲ್ಲಿ ನಿಂತವನೊಬ್ಬನುಂಟು. ಆ ಗಾನವನ್ನು ಹಾಡಿದವನೊಬ್ಬನುಂಟು. ಪಕ್ಕದ ಮೇಜಿನಲ್ಲಿ ಕುಳಿತವನೊಬ್ಬನುಂಟು. ಈ ಮೂವರಿಗೂ ಸಲ್ಲತಕ್ಕುದು ಸಂದಿತೆ ಎಂಬುದೇ ಇಲ್ಲಿಯ ಪ್ರಶ್ನೆ. ಆದುದರಿಂದ ಇದು ರುಚಿಯ ವಿಚಾರವಾಗಿರುವಂತೆಯೇ ಆಚಾರದ ವಿಚಾರವೂ ಆಗಿರುವುದು.

ಕೆಲಸಕ್ಕೂ ಹಾಡಿಗೂ ಇರುವ ಸಂಬಂಧ ಬಹು ಪುರಾತನವಾದುದು. ಅದರ ಒಂದು ಸಾಕ್ಷ್ಯವು ಕಲ್ಯಾಣದಿಂದಲೇ ದೊರೆಯುವುದು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದನು. ಅವನು ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಮಹಾಗ್ರಂಥದಲ್ಲಿ ರಾಜ್ಯಭಾರದಿಂದ ಹಿಡಿದು ಅಡಿಗೆಯವರೆಗೆ ನಾನಾ ವಿಷಯಗಳಿವೆ. ಗೀತ, ವಾದ್ಯ, ನೃತ್ಯಗಳಿಗೂ ಅದರಲ್ಲಿ ವಿಸ್ತಾರವಾದ ಎಡೆಯುಂಟು. ಅವನ ಮಗ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯೆಂಬ ಬೇರೊಂದು ಶಾಸ್ತ್ರಗ್ರಂಥವನ್ನೇ ಬರೆದನು. ಸೋಮೇಶ್ವರನು ಹಾಡುಗಳನ್ನು ಹೇಳುವಾಗ ಅವು ಸಲ್ಲುವ ಸಂದರ್ಭಗಳನ್ನೂ ಹೇಳುವುದು ಗಮನಾರ್ಹವಾಗಿದೆ. ಮದುವೆಗೆ ಧವಳವು ಸಲ್ಲುವುದು. ಮಹಾರಾಷ್ಟ್ರದ ಸ್ತ್ರೀಯರು ಧಾನ್ಯವನ್ನು ಕುಟ್ಟುವಾಗ ಹಾಡುವ ಓವಿಯ ಉಲ್ಲೇಖವೂ ಅಲ್ಲಿದೆ. ಅರಮನೆಯಲ್ಲಿ ಕುಳಿತ ದೊರೆಯ ಕಿವಿಗೆ ಒನಕೆಯ ಹಾಡು ಮುಟ್ಟಿತ್ತು. ಅದಕ್ಕೆ ಶಾಸ್ತ್ರದಲ್ಲಿ ಎಡೆಯೂ ದೊರೆಯಿತು. ಎಲ್ಲ ಗಾನವೂ ಎಲ್ಲ ಹೊತ್ತಿಗೂ ಸಲ್ಲದು, ಪ್ರತಿಯೊಂದಕ್ಕೂ ಅದರದೇ ಆದ ಸ್ಥಾನವುಂಟು ಎಂಬ ತಿಳಿವಳಿಕೆ ಈ ನೆಲದಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಇದ್ದಿತೆಂಬುದಕ್ಕೆ ಇದು ನಿದರ್ಶನ.

ಕನ್ನಡದ ಬೀಸುವ ಹಾಡುಗಳೂ ಇದೇ ಜಾತಿಯವು. ಹಿಟ್ಟಿನ ಗಿರಣಿಗಳು ಬರುವ ಮುನ್ನ ಬೀದರ, ಕಲಬುರಗಿ ಸೀಮೆಯ ಮನೆಗಳಲ್ಲಿ ಬೆಳಗಿನ ಜಾವದ ಬೀಸುಕಲ್ಲಿನ ಸದ್ದಿನೊಡನೆ ತ್ರಿಪದಿಗಳೂ ಕೇಳಿಬರುತ್ತಿದ್ದುವು. ಆ ಹಾಡು ಆ ಕೆಲಸಕ್ಕೆ ಹೊಂದಿಕೊಂಡುದೇಕೆ? ಬೀಸುವ ಹೆಣ್ಣುಮಗಳ ಕೈಗೆ ಕೆಲಸವುಂಟು, ತೋಳಿಗೆ ಕೆಲಸವುಂಟು. ನಾಲಗೆಗೆ ಕೆಲಸವಿಲ್ಲ, ಬುದ್ಧಿಗೂ ಹೆಚ್ಚಿನ ಕೆಲಸವಿಲ್ಲ. ಕೆಲಸವು ಬಿಡುವಾಗಿ ಬಿಟ್ಟ ಕರಣಗಳನ್ನು ಹಾಡು ತುಂಬುವುದು. ಕಲ್ಲಿನ ಸುತ್ತು ಹಾಡಿನ ಲಯವಾಗುವುದು; ಹಾಡಿನ ಲಯವು ತೋಳಿನ ದಣಿವನ್ನು ಹಗುರಗೊಳಿಸುವುದು. ಅಲ್ಲದೆ ಹಾಡುವವಳು ಅವಳೇ. ತವರನ್ನು ನೆನೆದು, ದೇವರನ್ನು ನೆನೆದು, ತನ್ನ ಉಸಿರಿನಿಂದ ಹೊರಟ ಹಾಡು ಅದು. ಹೊರಗಿನಿಂದ ಕಿವಿಗೆ ಸುರಿದುದಲ್ಲ.

ಗಣಕಯಂತ್ರದ ಕೆಲಸವು ಇದಕ್ಕೆ ವ್ಯತಿರಿಕ್ತವಾಗಿರುವುದು. ಅಲ್ಲಿ ತೋಳಿಗೆ ಶ್ರಮವಿಲ್ಲ. ಬೆರಳ ತುದಿಗೆ ಮಾತ್ರ ಚಲನೆ. ಕೆಲಸವೆಲ್ಲ ಕಣ್ಣಿಗೆ, ನೆನಪಿಗೆ, ಬುದ್ಧಿಗೆ. ಕಣ್ಣು ಕಂಡ ಅಕ್ಷರವನ್ನು ಮನಸ್ಸು ತನ್ನೊಳಗೆ ಸದ್ದಿಲ್ಲದೆ ಉಚ್ಚರಿಸಿ ಬೆರಳಿಗೆ ಒಪ್ಪಿಸುವುದು. ಅಂದರೆ ಬೀಸುವವಳ ಪಾಲಿಗೆ ಬಿಡುವಾಗಿದ್ದ ನಾಲಗೆಯೇ ಇಲ್ಲಿ ಒಳಗಿಂದೊಳಗೆ ದುಡಿಯುತ್ತಿರುವುದು. ಅದೇ ಹೊತ್ತಿನಲ್ಲಿ ಮಾತುಳ್ಳ ಹಾಡೊಂದು ಕಿವಿಯನ್ನು ಹೊಕ್ಕರೆ, ಒಂದೇ ಗದ್ದುಗೆಗೆ ಇಬ್ಬರು ಬಂದಂತಾಗುವುದು.

ಈ ಮಾತಿಗೆ ಮನಶ್ಶಾಸ್ತ್ರದ ಪರೀಕ್ಷೆಗಳ ಸಮರ್ಥನೆಯೂ ಉಂಟು. ೧೯೭೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಅಕ್ಷರಗಳನ್ನು ಕ್ರಮವಾಗಿ ನೆನಪಿಡುವವರ ಕಿವಿಗೆ ಅವರಿಗೆ ತಿಳಿಯದ ಭಾಷೆಯ ಮಾತು ಬಿದ್ದಾಗಲೂ ಅವರ ನೆನಪು ತಪ್ಪಿತು. ೧೯೮೯ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ ಎಂಬ ವಿದ್ವಾಂಸರು ಅಂಕೆಗಳನ್ನು ನೆನಪಿಡುವ ಕೆಲಸವನ್ನು ಪರೀಕ್ಷೆಗೆ ಒಡ್ಡಿ, ಬರಿಯ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆಯಿಂದ ಆಗುವ ಅಡ್ಡಿಯೇ ಹೆಚ್ಚೆಂದು ಕಂಡರು. ಏಕರೂಪವಾಗಿ ಸಾಗುವ ಸದ್ದಿಗಿಂತ ಗಳಿಗೆಗಳಿಗೆಗೂ ಬದಲಾಗುವ ಸದ್ದು ಹೆಚ್ಚು ಕೆಡುಕೆಂಬುದೂ ಅನಂತರದ ಪರೀಕ್ಷೆಗಳಲ್ಲಿ ತಿಳಿದುಬಂದಿತು. ಆದುದರಿಂದ ‘ಅರ್ಥವಾಗದ ಭಾಷೆಯ ಹಾಡನ್ನು ಹಾಕಿಕೊಂಡರೆ ಕೆಲಸಕ್ಕೆ ಬಾಧೆಯಿಲ್ಲ’ ಎಂಬ ಸಮಾಧಾನಕ್ಕೆ ಆಧಾರವು ಸಾಲದು.

ಈ ಬಾಧೆ ಯಾರಿಗೆ ತಟ್ಟುವುದು? ಭೂಮಿ ಯೋಜನೆಯ ಮೂಲಕ ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಸುಮಾರು ೬೭ ಲಕ್ಷ ರೈತರ ಎರಡು ಕೋಟಿ ಭೂದಾಖಲೆಗಳು ಗಣಕಯಂತ್ರವನ್ನು ಸೇರಿದುವು. ಹುಮನಾಬಾದ ತಾಲೂಕಿನ ಒಬ್ಬ ರೈತನ ಪಹಣಿಯಲ್ಲಿ ಸರ್ವೆ ನಂಬರಿನ ಒಂದು ಅಂಕೆ ಅಥವಾ ಹೆಸರಿನ ಒಂದು ಅಕ್ಷರ ತಪ್ಪಿತೆಂದು ಭಾವಿಸಿರಿ. ತಪ್ಪಿದವನಿಗೆ ಅದು ಒಂದು ಕ್ಷಣದ ಮರೆವು. ರೈತನಿಗಾದರೋ ಅದು ತಿದ್ದುಪಡಿಯ ಅರ್ಜಿ, ಕಚೇರಿಯ ಅಲೆದಾಟ, ಕೂಲಿ ತಪ್ಪಿದ ದಿನಗಳು, ಬಿತ್ತನೆಯ ಹೊತ್ತಿಗೆ ದೊರೆಯದೆ ಹೋದ ಸಾಲ. ಹಾಡು ಕೇಳಿದ ಸುಖ ಒಬ್ಬನದು, ಅದರ ಬೆಲೆ ತೆತ್ತವನು ಮತ್ತೊಬ್ಬನು. ಶರಣರ ದೃಷ್ಟಿಯಲ್ಲಿ ಕಾಯಕದ ಶುದ್ಧಿಯೆಂದರೆ ದುಡಿದ ಹಣದ ಶುದ್ಧಿಯಷ್ಟೇ ಅಲ್ಲ, ದುಡಿಯುವ ಮನದ ಶುದ್ಧಿಯೂ ಹೌದು. ಕೂಲಿಯನ್ನು ಪೂರ್ತಿ ಪಡೆದು ಮನಸ್ಸನ್ನು ಅರ್ಧ ಕೊಡುವುದು ಒಂದು ಬಗೆಯ ಕಳವೇ ಅಲ್ಲವೆ?

ಈ ವಿಷಯದಲ್ಲಿ ಆಯ್ದಕ್ಕಿ ಮಾರಯ್ಯನವರ ನಿಲುವು ಬಹು ಕಠಿಣವಾದುದು. ಕೈಯಲ್ಲಿ ಕೆಲಸವಿರುವಾಗ ಗುರುವಿನ ಭೇಟಿಯಾಗಲಿ, ಲಿಂಗದ ಅರ್ಚನೆಯಾಗಲಿ, ಎದುರಿಗೆ ಬಂದು ನಿಂತ ಜಂಗಮನಾಗಲಿ ಮನಸ್ಸನ್ನು ಬೇರೆಡೆಗೆ ಸೆಳೆಯಬಾರದೆಂಬುದು ಅವರ ಅಭಿಪ್ರಾಯ. ನುಲಿಯ ಚಂದಯ್ಯನವರ ಕಥೆಯೂ ಇದನ್ನೇ ಸಾರುವುದು. ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ನೀರಿಗೆ ಬಿದ್ದರೂ ಅವರು ಕಾಯಕವನ್ನು ಬಿಡಲಿಲ್ಲ. ಲಿಂಗವೇ ಅವರ ಬೆನ್ನು ಹತ್ತಿ ಬಂದಿತೆಂದು ಶೂನ್ಯಸಂಪಾದನೆಯಲ್ಲಿ ಹೇಳಿದೆ. ಅವರ ಹೆಸರಿನ ಗವಿಯನ್ನು ಬಸವಕಲ್ಯಾಣದಲ್ಲಿ ಇಂದಿಗೂ ತೋರಿಸುವರು. ಲಿಂಗವನ್ನೇ ಕಾಯಕದ ಹಿಂದೆ ನಿಲ್ಲಿಸಿದ ಇಂಥವರ ಮಾರ್ಗದಲ್ಲಿ ಹಾಡಿಗೆ ಎಡೆಯೆಲ್ಲಿಯದು, ಮೌನವೊಂದೇ ಗತಿಯಲ್ಲವೆ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆ.

ಆದರೆ ಶರಣರು ಗಾನದ್ವೇಷಿಗಳಾಗಿರಲಿಲ್ಲ. ಬಸವಣ್ಣನವರು ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿ ನುಡಿಸಬೇಕೆಂದು ಕೂಡಲಸಂಗಮದೇವನನ್ನು ಬೇಡಿಕೊಂಡವರು. ತಾಳದ ಗಣಿತವು ತಮಗೆ ತಿಳಿಯದೆಂದೂ ಒಲುಮೆಯೇ ತಮ್ಮ ಹಾಡಿಗೆ ಅಳತೆಯೆಂದೂ ಹೇಳಿಕೊಂಡವರು. ಅವರೇ ರಾವಣನ ಗಾನದ ದೃಷ್ಟಾಂತವನ್ನು ಕೊಟ್ಟು, ಬರಿಯ ನಾದದಿಂದ ಶಿವನ ಒಲುಮೆ ದೊರೆಯದು, ಅದಕ್ಕೆ ಭಕ್ತಿ ಬೇಕು ಎಂದೂ ಎಚ್ಚರಿಸಿರುವರು. ಇಂಥ ಗಾನಪ್ರಿಯರ ಕಾಯಕವಾದರೂ ಯಾವುದು? ಕರಣಿಕರಾಗಿ ಬಿಜ್ಜಳನ ಸೇವೆಗೆ ಸೇರಿ ಭಂಡಾರಿಯಾದವರು ಅವರು; ಅಂಕೆಗಳ ನಡುವೆ ಬಾಳಿದವರು. ಭಂಡಾರದ ಹಣ ಕೆಟ್ಟುಹೋಗುತ್ತಿದೆಯೆಂಬ ದೂರು ಬಂದಾಗ ಲೆಕ್ಕವು ಒಂದಿಷ್ಟೂ ತಪ್ಪಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಆ ದೃಷ್ಟಿಯಿಂದ ಗಣಕಯಂತ್ರದ ಮುಂದೆ ಕುಳಿತ ಇಂದಿನ ಕರಣಿಕನು ಬಸವಣ್ಣನವರ ಕಸುಬಿನ ವಾರಸುದಾರನೇ ಸರಿ. ಅವರ ಬಾಳಿನಲ್ಲಿ ಗಾನಕ್ಕೂ ಎಡೆಯಿದ್ದಿತು, ಗಣಿತಕ್ಕೂ ಎಡೆಯಿದ್ದಿತು. ಒಂದು ಮತ್ತೊಂದರ ಎಡೆಯನ್ನು ಕಸಿಯಲಿಲ್ಲ.

ಷಟ್‌ಸ್ಥಲದ ತತ್ತ್ವವನ್ನು ಬಲ್ಲವರಿಗೆ ಈ ವಿಚಾರದ ಮರ್ಮವು ಬೇಗನೆ ಹೊಳೆಯುವುದು. ನಮ್ಮ ಶಾಸ್ತ್ರದಲ್ಲಿ ಒಂದೊಂದು ಇಂದ್ರಿಯಕ್ಕೆ ಒಂದೊಂದು ಲಿಂಗವನ್ನು ಹೇಳಿದೆ: ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಕಿವಿಯು ಪ್ರಸಾದಲಿಂಗದ ನೆಲೆ. ಅಲ್ಲಿ ಅರ್ಪಿತವಾಗತಕ್ಕ ದ್ರವ್ಯ ಶಬ್ದ. ಕಿವಿಗೆ ಬಂದ ಇಂಪನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಅನಂತರ ಪ್ರಸಾದವೆಂದು ಸ್ವೀಕರಿಸುವುದು ಶಿವಭಕ್ತನ ನಡೆ. ಪ್ರಸಾದಕ್ಕೆ ಒಂದು ನಿಯಮವುಂಟು: ಅದನ್ನು ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ನೀಡಿಸಿಕೊಂಡುದನ್ನು ಕೆಡಿಸಬಾರದು. ಎಲೆಯ ಮೇಲೆ ಒಂದು ಅಗುಳನ್ನು ಬಿಡಲು ಹಿಂಜರಿಯುವ ಭಕ್ತನು ಕಿವಿಗೆ ಬಂದ ಪ್ರಸಾದವನ್ನು ಎಂಟು ಗಂಟೆಗಳ ಕಾಲ ಕೇಳಿಯೂ ಕೇಳದಂತೆ ಚೆಲ್ಲುತ್ತಿದ್ದರೆ ಅದನ್ನೇನೆನ್ನಬೇಕು?

ಗಾನವು ಮತ್ತೊಬ್ಬನ ಕಾಯಕವೆಂಬುದನ್ನು ಇಲ್ಲಿ ನೆನೆಯಬೇಕು. ಕಿನ್ನರಿ ಬ್ರಹ್ಮಯ್ಯನವರು ಅಕ್ಕಸಾಲಿಕೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ಕಿನ್ನರಿಯನ್ನು ನುಡಿಸಿ, ಬಂದ ಹೊನ್ನನ್ನು ದಾಸೋಹಕ್ಕೆ ಸಲ್ಲಿಸುತ್ತಿದ್ದರೆಂದು ಪರಂಪರೆಯು ಹೇಳುವುದು. ಅವರಿಗೆ ತಂತಿಯೇ ಕಾಯಕ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಕಣ್ಣಿಲ್ಲದವರಾಗಿಯೂ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಸಾಧಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದೆಷ್ಟೋ ಅಂಧ ಬಾಲಕರಿಗೆ ಆ ವಿದ್ಯೆಯನ್ನೇ ಬಾಳಿನ ಊರುಗೋಲಾಗಿ ಕೊಟ್ಟರು. ಒಂದು ರಾಗವು ಕಂಠಕ್ಕೆ ಒಲಿಯಬೇಕಾದರೆ ಎಷ್ಟು ವರ್ಷಗಳ ಸಾಧನೆ ಬೇಕೆಂಬುದನ್ನು ಅಂಥ ಆಶ್ರಮಗಳನ್ನು ಕಂಡವರು ಬಲ್ಲರು. ಆ ಶ್ರಮದ ಫಲವನ್ನು ಗೋಡೆಯ ಗಡಿಯಾರದ ಸದ್ದಿನಂತೆ ಬಳಸಿಕೊಳ್ಳುವುದು ಗಾಯಕನ ಕಾಯಕಕ್ಕೆ ತೋರುವ ಗೌರವವಲ್ಲ. ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (೧೮೧೭–೧೮೬೫) ಸನ್ನಿಧಿಗೆ ದತ್ತಜಯಂತಿಯ ಉತ್ಸವದಲ್ಲಿ ಗಾಯಕರು ಬಂದು ಸೇವೆ ಸಲ್ಲಿಸುವರು. ಅಲ್ಲಿ ಕೇಳುವವರು ಕುಳಿತು ಕೇಳುವರು. ಹಾಡುವುದು ಹೇಗೆ ಸೇವೆಯೋ ಹಾಗೆ ಕೇಳುವುದೂ ಒಂದು ಸೇವೆಯೆಂಬುದನ್ನು ಈ ಸೀಮೆಯ ಜನರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಭಕ್ತರಿಂದ ಒಂದು ಆಕ್ಷೇಪವು ಬರುವುದುಂಟು. ‘ಚಿತ್ರಗೀತೆಗಳ ಮಾತು ಹಾಗಿರಲಿ, ಮಲ್ಲಿಕಾರ್ಜುನ ಮನಸೂರರೋ ಸಿದ್ಧರಾಮ ಜಂಬಲದಿನ್ನಿಯವರೋ ಹಾಡಿದ ವಚನಗಳನ್ನು ದಿನವಿಡೀ ಹಾಕಿಟ್ಟರೆ ಕೆಲಸದ ಸ್ಥಳವೇ ಪವಿತ್ರವಾಗುವುದಲ್ಲವೆ? ಕೇಳಿದಷ್ಟು ಪುಣ್ಯವಲ್ಲವೆ?’ ಎಂದು ಅವರು ಕೇಳುವರು. ಈ ಮಾತಿನ ಹಿಂದಿರುವ ಭಕ್ತಿಯು ಗೌರವಕ್ಕೆ ಪಾತ್ರವಾದುದು. ಆದರೆ ವಚನವು ಮಂತ್ರದಂತೆ ಬರಿಯ ನಾದದಿಂದ ಫಲ ಕೊಡುವುದೆಂದು ಶರಣರು ಹೇಳಲಿಲ್ಲ. ವಚನವೆಂದರೆ ಮಾತು, ಎದುರಿಗೆ ಕುಳಿತವನ ಎದೆಯನ್ನು ನೇರವಾಗಿ ಕೇಳುವ ಪ್ರಶ್ನೆ. ನಿನ್ನ ನಡೆಯೂ ನುಡಿಯೂ ಒಂದಾಗಿವೆಯೆ ಎಂದು ಅದು ಕೇಳುತ್ತಿರುವಾಗ ಕೇಳಿಸಿಕೊಳ್ಳತಕ್ಕವನು ಸರ್ವೆ ನಂಬರನ್ನು ಒತ್ತುತ್ತಿದ್ದರೆ, ವಚನಕ್ಕೂ ಉತ್ತರ ದೊರೆಯಲಿಲ್ಲ, ಸರ್ವೆ ನಂಬರಿಗೂ ಪೂರ್ಣ ಗಮನ ದೊರೆಯಲಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಇನ್ನೊಂದುಂಟು. ವಚನವು ಕಿವಿಗೆ ಬೀಳುತ್ತಿದ್ದರೂ ಅದನ್ನು ಕೇಳದೆ ಇರುವುದನ್ನು ಮನಸ್ಸು ದಿನವೂ ಅಭ್ಯಾಸಮಾಡಿಕೊಳ್ಳುವುದು. ಅಭ್ಯಾಸವು ಬಲಿತಮೇಲೆ, ಮನೆಯಲ್ಲಿ ಸಾವು ಸಂಭವಿಸಿದಾಗಲೋ, ಲಂಚದ ಹಣ ಮೇಜಿನ ಮೇಲೆ ಬಂದು ಕುಳಿತಾಗಲೋ, ಆ ವಚನವು ನಿಜವಾಗಿ ಬೇಕಾದಾಗ ಅದು ಬಾರದು. ಸಾವಿರ ಸಲ ಕಿವಿಗೆ ಬಿದ್ದ ಮಾತು ಒಂದು ಸಲವೂ ಎದೆಗೆ ಇಳಿಯದೆ ಹೋಗುವುದು. ಕೇಳದಿರುವವನಿಗೆ ಕೇಳುವ ಬಾಗಿಲು ಇನ್ನೂ ತೆರೆದಿರುವುದು. ಕೇಳಿಯೂ ಕೇಳದಂತೆ ಇರಲು ಕಲಿತವನಿಗೆ ಆ ಬಾಗಿಲೂ ಮುಚ್ಚುವುದು. ಆದುದರಿಂದ ವಚನಗಾಯನವನ್ನು ಕೆಲಸದ ಹಿನ್ನೆಲೆಗೆ ಇಳಿಸದೆ, ಕೆಲಸಕ್ಕೆ ಮುನ್ನ ಅಥವಾ ಅನಂತರ ಹತ್ತು ನಿಮಿಷಗಳ ಕಾಲವಾದರೂ ಕೈಕಟ್ಟಿ ಕುಳಿತು ಕೇಳುವುದು ಲೇಸು. ಸಂಗೀತದಿಂದ ಬುದ್ಧಿ ಚುರುಕಾಗುವುದೆಂದು ವಾದಿಸುವವರು ೧೯೯೩ರಲ್ಲಿ ಮೊಟ್ಸಾರ್ಟನೆಂಬ ಪಾಶ್ಚಾತ್ಯ ಸಂಗೀತಗಾರನ ಕೃತಿಯನ್ನು ಕೇಳಿಸಿ ನಡೆಸಿದ ಪ್ರಸಿದ್ಧ ಪರೀಕ್ಷೆಯನ್ನು ಉದಾಹರಿಸುವುದುಂಟು. ಆದರೆ ಆ ಪರೀಕ್ಷೆಯಲ್ಲಿ ಸಂಗೀತವನ್ನು ಕೇಳಿಸಿದುದು ಕೆಲಸಕ್ಕೆ ಮುನ್ನ, ಕೆಲಸದ ನಡುವೆ ಅಲ್ಲ. ಅದರ ಫಲ ನಿಂತುದೂ ಹತ್ತು ಹದಿನೈದು ನಿಮಿಷ ಮಾತ್ರ. ಅದು ಮನಸ್ಸಿನ ಉಲ್ಲಾಸದಿಂದ ಬಂದ ಫಲವೆಂದು ಅನಂತರದ ಪರೀಕ್ಷಕರು ತಿಳಿದರು.

ಹಾಗಾದರೆ ಕೆಲಸದ ಹೊತ್ತಿನಲ್ಲಿ ಯಾವುದೂ ಬೇಡವೆ? ಹಾಗೆ ಹೇಳಿದರೆ ಅದು ಅತಿಯಾದೀತು. ಎಲ್ಲ ನಾದವೂ ಪೂರ್ಣ ಶ್ರವಣವನ್ನು ಬೇಡುವುದಿಲ್ಲ. ಮದುವೆಯ ಚಪ್ಪರದಲ್ಲಿ ಸನಾದಿ ನುಡಿಯುತ್ತಿರುವಾಗ ಜನರು ಓಡಾಡುವರು, ಬಡಿಸುವರು, ಮಾತಾಡುವರು. ಅದರಿಂದ ಸನಾದಿಗೆ ಅವಮಾನವಿಲ್ಲ, ಏಕೆಂದರೆ ಕೆಲಸಗಳ ನಡುವೆ ಮಂಗಳವನ್ನು ಹರಡುವುದೇ ಅದರ ಉದ್ದೇಶ. ತಂಬೂರಿಯ ಶ್ರುತಿಯು ಹಿಂದೆ ನಿಲ್ಲಲಿಕ್ಕೆಂದೇ ಹುಟ್ಟಿದುದು. ಮುಂದೆ ಕೂರಿಸಿಕೊಂಡು ಕೇಳತಕ್ಕ ಗಾನ ಬೇರೆ, ಹಿಂದೆ ನಿಂತು ಕಾಯುವ ನಾದ ಬೇರೆ. ಹುಮನಾಬಾದದ ವೀರಭದ್ರೇಶ್ವರನ ಜಾತ್ರೆಯಲ್ಲಿ ವಾದ್ಯಗಳ ಗರ್ಜನೆಗೆ ಪುರವಂತರು ಒಡಪು ಹೇಳಿ ಕುಣಿಯುವಾಗ ಮೈ ನವಿರೇಳುವುದು, ನವಿರೇಳಬೇಕಾದುದೂ ಅಲ್ಲಿಯೇ. ಅದೇ ವಾದ್ಯವನ್ನು ಲೆಕ್ಕ ಬರೆಯುವವನ ಕಿವಿಯಲ್ಲಿ ಮೊಳಗಿಸಿದರೆ ವೀರವೂ ಉಳಿಯದು, ಲೆಕ್ಕವೂ ಉಳಿಯದು.

ಆರಿಸಿ ಕೇಳುವವನು ಮೊದಲು ತನ್ನ ಕೆಲಸವು ಯಾವ ಕರಣವನ್ನು ಬಿಡುವಾಗಿ ಬಿಟ್ಟಿದೆಯೆಂದು ನೋಡಿಕೊಳ್ಳಬೇಕು. ಓದುವುದು, ಬರೆಯುವುದು, ಅಂಕೆಗಳನ್ನು ತಾಳೆ ನೋಡುವುದು, ಹೊಸದನ್ನು ಯೋಚಿಸುವುದು, ಇಂಥ ಕೆಲಸದಲ್ಲಿ ಮೌನವೇ ಉತ್ತಮ. ಸುತ್ತಲಿನ ಗದ್ದಲದಿಂದ ಮೌನವು ಸಾಧ್ಯವಿಲ್ಲದಿದ್ದರೆ, ಮಾತಿಲ್ಲದ, ಏಕಗತಿಯಲ್ಲಿ ಸಾಗುವ, ಮೊದಲೇ ಪರಿಚಿತವಾದ ನಾದವು ಸಾಕು: ತಂಬೂರಿಯ ಶ್ರುತಿ, ಕೊಳಲಿನ ಅಥವಾ ವೀಣೆಯ ನಿಧಾನವಾದ ಆಲಾಪ. ಹೊಸ ಸಂಗೀತವು ಅತಿಥಿಯಂತೆ. ಎದ್ದು ಸತ್ಕರಿಸದೆ ನಿರ್ವಾಹವಿಲ್ಲ. ಹಳೆಯದು ಮನೆಯವರಂತೆ, ಅದು ತನ್ನ ಪಾಡಿಗೆ ತಾನಿರುವುದು. ಕಾಗದಗಳನ್ನು ಒಂದೊಂದಾಗಿ ಯಂತ್ರಕ್ಕಿಟ್ಟು ಚಿತ್ರ ತೆಗೆಯುವುದು, ಅಚ್ಚಾದ ಹಾಳೆಗಳನ್ನು ಜೋಡಿಸುವುದು, ಇಂಥ ಕೆಲಸಗಳು ಬೀಸುಕಲ್ಲಿನ ಜಾತಿಯವು; ಅಲ್ಲಿ ಹಾಡನ್ನು ಕೇಳಿದರೆ ದೋಷವಿಲ್ಲ, ತಾನೇ ಗುನುಗಿದರೆ ಇನ್ನೂ ಚೆಲುವು. ಆರಿಸುವುದನ್ನು ಕೆಲಸಕ್ಕೆ ಮುನ್ನವೇ ಮುಗಿಸಬೇಕು. ಮೂರು ಮೂರು ನಿಮಿಷಕ್ಕೊಮ್ಮೆ ಮುಂದಿನ ಹಾಡನ್ನು ಹುಡುಕುತ್ತ ಕೂರುವವನು ಹಾಡನ್ನೂ ಕೇಳಲಿಲ್ಲ, ಕೆಲಸವನ್ನೂ ಮಾಡಲಿಲ್ಲ.

ಎರಡನೆಯದು ಪ್ರಮಾಣ. ವಯಸ್ಕರು ೮೦ ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ ೪೦ ಗಂಟೆಗಳವರೆಗೆ ಕೇಳಬಹುದೆಂದೂ, ೯೦ ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕು ಗಂಟೆ ಮಾತ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಮಿತಿಯನ್ನು ಹೇಳಿದೆ. ಈ ಮಿತಿಯನ್ನು ಮೀರಿದರೆ ಕೇಳುವ ಶಕ್ತಿಯೇ ಮೆಲ್ಲಮೆಲ್ಲನೆ ಕ್ಷಯಿಸುವುದು. ಪ್ರಸಾದಲಿಂಗದ ನೆಲೆಯನ್ನೇ ಕೈಯಾರೆ ಕೆಡಿಸಿಕೊಂಡಂತಾಗುವುದು. ಮೂರನೆಯದು ನೆರೆಯವನು. ತನಗೆ ಇಂಪಾದುದು ಅವನಿಗೆ ಉಪದ್ರವವಾಗಬಹುದು. ದೇವರ ಹಾಡೆಂಬ ಕಾರಣದಿಂದ ಅದನ್ನು ಅವನ ಮೇಲೆ ಹೇರುವ ಅಧಿಕಾರ ಯಾರಿಗೂ ಬಾರದು. ಇಯರ್‌ಫೋನಿನಿಂದ ಈ ತೊಂದರೆ ಕಳೆಯುವುದು ನಿಜ. ಆದರೆ ಸಾಲಿನಲ್ಲಿ ನಿಂತು ಕೈಮುಗಿದು ಕೇಳುತ್ತಿರುವ ಮುದುಕಿಯ ಮಾತು ಅದರಿಂದಾಗಿ ಕೇಳಿಸದೆ ಹೋಗಬಾರದು. ಜಂಗಮನೇ ಎದುರಿಗೆ ನಿಂತರೂ ಕಾಯಕದಿಂದ ಕದಲಬಾರದೆಂದ ಮಾರಯ್ಯನವರ ಮಾತು ಇಂಥ ಸಂದರ್ಭಕ್ಕೆ ಸಲ್ಲದು. ಏಕೆಂದರೆ ಇಲ್ಲಿ ಆ ಮುದುಕಿಯ ಮಾತನ್ನು ಕೇಳುವುದೇ ಕಾಯಕ.

ಕೆಲಸದೊಡನೆ ಸಂಗೀತವನ್ನು ಹೊಂದಿಸುವ ಉಪಾಯವನ್ನು ಬೇರೆಯವರೂ ಮಾಡಿರುವರು; ಅದರ ಉದ್ದೇಶವನ್ನು ಪರೀಕ್ಷಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೦ರ ಜೂನ್ ತಿಂಗಳಿನಲ್ಲಿ, ಬ್ರಿಟನ್ನಿನ ಬಿ.ಬಿ.ಸಿ.ಯು ಕಾರ್ಖಾನೆಗಳಿಗಾಗಿ ‘ಮ್ಯೂಸಿಕ್ ವೈಲ್ ಯು ವರ್ಕ್’ ಎಂಬ ಪ್ರಸಾರವನ್ನು ಆರಂಭಿಸಿತು. ಅದು ೧೯೬೭ರವರೆಗೆ ನಡೆಯಿತು. ಕೆಲಸಗಾರರು ಕೈಯಲ್ಲಿದ್ದ ಹತ್ಯಾರಗಳನ್ನು ಬಡಿದು ತಾಳ ಹಾಕುವರೆಂಬ ಕಾರಣದಿಂದ ಒಂದು ಜನಪ್ರಿಯ ಗೀತೆಯನ್ನು ಅದರಲ್ಲಿ ನಿಷೇಧಿಸಬೇಕಾಯಿತು. ಅಮೆರಿಕದಲ್ಲಿ ೧೯೩೪ರಲ್ಲಿ ಹುಟ್ಟಿದ ಮ್ಯೂಜಾಕ್ ಎಂಬ ಕಂಪನಿಯು ಕಚೇರಿಗಳಿಗೆ ಸಂಗೀತವನ್ನು ಮಾರಿತು. ಮುಂದೆ ಅದು ಹದಿನೈದು ನಿಮಿಷಗಳ ತುಣುಕುಗಳಲ್ಲಿ ಲಯವನ್ನು ಏರಿಸುತ್ತ ಹೋಗಿ, ದುಡಿಯುವವರು ಅರಿಯದಂತೆಯೇ ಅವರ ದುಡಿಮೆಯನ್ನು ಹೆಚ್ಚಿಸುವ ಕ್ರಮವನ್ನು ರೂಢಿಗೆ ತಂದಿತು. ದಣಿದವನು ತನ್ನ ಬೇಸರವನ್ನು ಕಳೆಯಲು ತಾನೇ ಆರಿಸಿಕೊಂಡ ಹಾಡು ಬೇರೆ, ಮತ್ತೊಬ್ಬನು ಅವನಿಂದ ಹೆಚ್ಚು ದುಡಿಮೆಯನ್ನು ಹಿಂಡಲು ಹಾಕಿದ ಹಾಡು ಬೇರೆ. ಗಂಡನು ಬಸವಣ್ಣನವರ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಕ್ಕೆ ಸುರಿದು ಬರಲು ಹೇಳಿದರು. ಅಂದಂದಿನ ದಾಸೋಹಕ್ಕೆ ಬೇಕಾದಷ್ಟೇ ಸಾಕೆಂಬುದು ಆ ತಾಯಿಯ ಧರ್ಮ. ದುಡಿಮೆಯಲ್ಲಿಯೂ ಹೆಚ್ಚಿನ ಆಸೆ ಸಲ್ಲದು, ಸುಖದಲ್ಲಿಯೂ ಹೆಚ್ಚಿನ ಆಸೆ ಸಲ್ಲದು. ದಿನಕ್ಕೆ ಎಂಟು ಗಂಟೆಗಳ ಸಂಗೀತವು ಆ ಹೆಚ್ಚಿನ ಅಕ್ಕಿಯಂತೆಯೇ ಅಲ್ಲವೆ?

ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ದೇವಾಲಯವೊಂದಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿರುವಳು. ನರ್ತಿಸುವ ಬಾಲಿಕೆಯರೂ ಅದೇ ಗೋಡೆಯ ಮೇಲಿರುವರು. ಬರೆಯುವವಳ ಕಣ್ಣು ಬರಹದ ಮೇಲೆ, ನರ್ತಿಸುವವಳ ಮೈ ಲಯದಲ್ಲಿ. ಶಿಲ್ಪಿಯು ಇಬ್ಬರಿಗೂ ಒಂದೇ ಗೋಡೆಯಲ್ಲಿ ಸ್ಥಾನ ಕೊಟ್ಟನು. ಆದರೆ ಒಬ್ಬಳ ಕೆಲಸವನ್ನು ಮತ್ತೊಬ್ಬಳಿಗೆ ಅಂಟಿಸಲಿಲ್ಲ. ಬರಹಕ್ಕೂ ನಾದಕ್ಕೂ ಬಾಳಿನಲ್ಲಿ ಸಲ್ಲತಕ್ಕ ಸಂಬಂಧವೂ ಇಂಥದೇ.

ಕಾಯಕದಲ್ಲಿ ಇರುವಾಗ ಕಾಯಕದಲ್ಲಿಯೇ ಇರುವುದು, ಗಾನದಲ್ಲಿ ಇರುವಾಗ ಗಾನದಲ್ಲಿಯೇ ಇರುವುದು, ಎರಡನ್ನೂ ಲಿಂಗಾರ್ಪಿತವಾಗಿ ಸ್ವೀಕರಿಸುವುದು, ಇದೇ ಶರಣಮಾರ್ಗ. ಹಿನ್ನೆಲೆಯ ನಾದವು ಬೇಕೆನಿಸಿದರೆ ಅದು ದೀಪದಂತಿರಲಿ: ಬೆಳಕನ್ನು ಕೊಡಲಿ, ಕಣ್ಣನ್ನು ತನ್ನ ಕಡೆಗೆ ಸೆಳೆಯದಿರಲಿ. ಉಳಿದ ಗಾನವೆಲ್ಲವೂ ಕೆಲಸ ಮುಗಿಯುವವರೆಗೆ ಕಾದಿರಲಿ. ಸಂಜೆ ಯಂತ್ರವನ್ನು ಆರಿಸಿ, ಕೈಕಾಲು ತೊಳೆದು, ಮನೆಯವರೊಡನೆ ಕುಳಿತು ಒಂದೇ ಒಂದು ವಚನವನ್ನು ಆದಿಯಿಂದ ಅಂತ್ಯದವರೆಗೆ ಕೇಳುವವನಿಗೆ ದಿನವಿಡೀ ಕೇಳಿದವನಿಗೆ ದೊರೆಯದ ಫಲವು ದೊರೆಯುವುದು. ಅವನ ಕೆಲಸವನ್ನು ನಂಬಿದ ರೈತನೂ, ಹಾಡಿದ ಗಾಯಕನೂ, ಪಕ್ಕದಲ್ಲಿ ಕುಳಿತ ನೆರೆಯವನೂ ತಮಗೆ ಸಲ್ಲತಕ್ಕುದನ್ನು ಪಡೆದು ತೃಪ್ತರಾಗುವರು. ಶರಣರ ಕಲ್ಯಾಣದ ನೆಲದಲ್ಲಿ ದುಡಿಯುವ ತರುಣರೆಲ್ಲರಿಗೂ ಕೈಯ ಕಾಯಕವೂ ಕಿವಿಯ ಪ್ರಸಾದವೂ ಕೆಡದೆ ಕೂಡಿಬರುವಂತೆ ಬಸವಾದಿ ಪ್ರಮಥರು ಅನುಗ್ರಹಿಸಲಿ.